ಸರ್ ಕೆಮ್ಮುತ್ತಿದ್ದ ಜಾಗ

ನಮ್ಮ ಗಣಿತದ ಸರ್ ಅವರ ಬಲಗಿವಿ ಯಾವಾಗಲೂ ಬೆಳ್ಳಗೆ. ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಅವರು ಸೀಮೆಸುಣ್ಣ ಸಿಕ್ಕಿಸಿಕೊಳ್ಳುತ್ತಿದ್ದರು. ಆಮೇಲೆ ಅದನ್ನೇ ತರಗತಿಯೆಲ್ಲ ಹುಡುಕುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಉಡುಪಿಯ ನಮ್ಮ ಕಾಲೇಜಿನಲ್ಲಿ ಅವರನ್ನು ಅಣಕಿಸದವರಿರಲಿಲ್ಲ, ಆದರೆ ನನ್ನಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ. ಗಣಿತದಲ್ಲಿ ನನಗೆ ಬರುತ್ತಿದ್ದದ್ದೂ ಅದೊಂದೇ.

ಅಮ್ಮ ಕಾಪುವಿನಲ್ಲಿ ಮೀನು ಮಾರುತ್ತಿದ್ದಳು. ಮೀನು ಮುಟ್ಟದ ಸರ್ ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಬರುತ್ತಿದ್ದರು, ಐಸು ಕರಗುವುದನ್ನು ನೋಡಲಿಕ್ಕೆ.

“ಹಾಗೆ ನೋಡಬೇಡಿ ಮಾಸ್ಟ್ರೇ, ಬಂಗುಡೆಗೆ ನಾಚಿಕೆ ಆಗ್ತದೆ,” ಅನ್ನುತ್ತಿದ್ದಳು ಅಮ್ಮ.

“ಬಂಗುಡೆಯನ್ನಲ್ಲಮ್ಮ, ಅಂಚನ್ನು. ಐಸು ಎಲ್ಲಿ ಮುಗಿದು ನೀರು ಎಲ್ಲಿ ಶುರು? ಆ ಗೆರೆಯನ್ನು ಯಾರೂ ಎಳೆದು ಕೊಟ್ಟಿಲ್ಲ. ಅದನ್ನೂ ಲೆಕ್ಕದಲ್ಲೇ ಹುಡುಕಬೇಕು.”

“ನೀವು ಹುಡುಕುವಷ್ಟರಲ್ಲಿ ಕರಗಿರ್ತದೆ.”

ಅಂಚಿನುದ್ದಕ್ಕೂ ಒಂದೇ ಹದದಲ್ಲಿ ಕರಗುತ್ತಿದ್ದರೆ ಆ ಅಂಚು ವೃತ್ತವೇ ಆಗಿರಬೇಕು ಎಂಬುದು ಅವರ ಪ್ರಮೇಯ. ಕಾಗದ ಮಡಚಿ ಎರಡು ಅರ್ಧಗಳನ್ನು ತಾಳೆ ನೋಡಿದ ಹಾಗೆ ಅದರ ಸಾಧನೆ. ಆರು ವರ್ಷ ದುಡಿದು, ಮಣಿಪಾಲದಲ್ಲಿ ಟೈಪ್ ಮಾಡಿಸಿ, ಲಕೋಟೆಯ ಮೇಲೆ ವಿದೇಶದ ಪತ್ರಿಕೆಯೊಂದರ ವಿಳಾಸ ಬರೆದಿಟ್ಟಿದ್ದರು. ಕಾಲೇಜ್ ಡೇಯ ಮರುದಿನ ಪೋಸ್ಟಿಗೆ ಹಾಕುವುದಿತ್ತು.

ಕಾಲೇಜ್ ಡೇಯಲ್ಲಿ ನಾನು ಕಿವಿಗೆ ಪೌಡರ್ ಬಳಿದುಕೊಂಡು ವೇದಿಕೆ ಹತ್ತಿದೆ. ಸರ್ ನಮಗೆ ಹತ್ತಾರು ಸಲ ವಿವರಿಸಿದ್ದ ಆ ಸಾಧನೆಯನ್ನೇ ಒಪ್ಪಿಸಿದೆ: “ಈಗ ಮಡಚುವಾ. ಅಂಚು ನಯವಾಗಿ ಉಂಟು... ಉಹ್ಹು, ಉಹ್ಹು... ಅದು ಸ್ಪಷ್ಟವೇ.” ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಸರ್ ಎದ್ದು ನಿಂತರು. ನನ್ನ ವಿದ್ಯಾಭ್ಯಾಸ ಇಲ್ಲಿಗೆ ಸಮಾಪ್ತಿ ಅಂದುಕೊಂಡೆ.

“ಅಲ್ಲಿ ಎಂತಕ್ಕೆ ಕೆಮ್ಮಿದ್ದು ಮಾರಾಯ?”

“ನೀವು ಕೆಮ್ಮುತ್ತೀರಲ್ಲ ಸರ್.”

“ಪ್ರತಿ ಸಲ?”

“ಪ್ರತಿ ಸಲ. ಅಲ್ಲೇ.”

ನನ್ನನ್ನು ಕೆಳಗಿಳಿಸಲು ಬಂದ ಪ್ರಿನ್ಸಿಪಾಲರನ್ನು ಸರ್ ತಡೆದರು. “ಬಿಡಿ, ಅವನು ಸರಿಯಾಗಿಯೇ ಮಾಡಿದ. ಅಂಚು ನಯವಾಗಿ ಉಂಟು ಅಂತ ಹೇಳಿ, ಕೆಮ್ಮಿ ದಾಟಿಕೊಂಡವ ನಾನು. ಸಾಧಿಸಿದವ ಯಾರೂ ಇಲ್ಲ! ಎಲ್ಲಾದರೂ ಒಂದು ಮೊನೆ ಇದ್ದರೆ ನನ್ನ ಮಡಿಕೆಯೇ ಕೂರುವುದಿಲ್ಲ.” ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಇಡೀ ಸಭೆಗಿಂತ ಜೋರಾಗಿ ಅವರೇ ನಕ್ಕರು. ಲಕೋಟೆ ಪೋಸ್ಟಿಗೆ ಹೋಗಲಿಲ್ಲ. ಆ ಸಲದ ಪರೀಕ್ಷೆಯಲ್ಲಿ ನನ್ನನ್ನು ಫೇಲು ಮಾಡುವುದನ್ನು ಮಾತ್ರ ಅವರು ಮರೆಯಲಿಲ್ಲ.

ಮುಂದಿನ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಸರ್ ನಮ್ಮ ಜಗಲಿಗೆ ಬಂದು, ಹೊಸ ಸಾಧನೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ, “ಈಗ ನನ್ನ ಹಾಗೆ ಮಾಡಿ ತೋರಿಸು” ಎಂದರು. ಶುರು ಮಾಡಿದೆ. ಅದೇ ಜಾಗಕ್ಕೆ ಬಂದಾಗ ನಿಂತುಬಿಟ್ಟೆ.

“ಹತ್ತಿರ ಹೋಗಿ ನೋಡಿದಷ್ಟೂ ಅಂಚು ನೇರ ಗೆರೆಯ ಹಾಗೆ ಕಾಣ್ತದೆ... ಯಾಕೆ?”

“ನಾನು ಅಲ್ಲಿ ಹಾಗೆ ಕೇಳಿದೆನಾ?” ಸರ್ ಗಾಬರಿಯಾದರು.

“ಇಲ್ಲ ಸರ್. ಕೇಳ್ತಾ ಇರುವುದು ನಾನು.”

ಅವರು ಜಗಲಿಯಲ್ಲೇ ಚಕ್ಕಳಮಕ್ಕಳ ಕೂತು, ಒಲೆಯ ಇದ್ದಿಲು ತರಿಸಿ, ನೆಲದ ತುಂಬ ಬರೆದು ಬರೆದು ಹೇಳಿದರು. ಅಮ್ಮ ಎರಡು ಸಲ ಊಟಕ್ಕೆ ಕರೆದಳು. ಏಳಲು ಒಪ್ಪದವನು ನಾನು.

ಅವರ ಪ್ರಬಂಧ ಅಚ್ಚಾಯಿತು. ಆ ವರ್ಷ ನಾನು ಗಣಿತದಲ್ಲಿ ಪಾಸಾದೆ. ಅದೂ ಮಿಮಿಕ್ರಿಯೇ ಎಂದು ಗೆಳೆಯರು ಇಂದಿಗೂ ವಾದಿಸುತ್ತಾರೆ. ಸರ್ ಮಾತ್ರ ಒಪ್ಪಿಲ್ಲ.