ಆಫ್ಟರ್ ಯು, ಕಾಕು

ಇವತ್ತು ಸಂಜೆ ಗ್ರಂಥಾಲಯದಲ್ಲಿ ಅಪರಿಚಿತರೊಬ್ಬರು ನನಗಾಗಿ ಬಾಗಿಲು ಹಿಡಿದು ನಿಂತು 'ಆಫ್ಟರ್ ಯು' ಅಂದರು. ನಾನು ಒಳಗೆ ಹೋಗುವ ಬದಲು ತಿರುಗಿ, ಹೊತ್ತು ಎಷ್ಟಿದೆ ಎಂದು ಪಶ್ಚಿಮಕ್ಕೆ ನೋಡಿದೆ. ಅವರು ಏನಂದುಕೊಂಡರೋ. ನಿಮಗಾದರೂ ಕಾರಣ ಹೇಳುತ್ತೇನೆ.

ಕಾಗವಾಡದ ನಮ್ಮ ಜೈನ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಗಂಡಸರು ದ್ರಾಕ್ಷಿ ತೋಟದಿಂದ ಬರುವಾಗಲೇ ತಡವಾಗಿರುತ್ತಿತ್ತು. ಬಂದವರಿಗೆ ಬಿಸಿ ರೊಟ್ಟಿಯೇ ಬೇಕು. ಒಲೆಯ ಮುಂದೆ ಕೂತು ಬಡಿಯುವವಳು ಚಿಕ್ಕಪ್ಪನ ಹೆಂಡತಿ, ನಮ್ಮ ಕಾಕು. ಚಳಿಗಾಲದಲ್ಲಿ ಎಲ್ಲರದೂ ಆಗುವಷ್ಟರಲ್ಲಿ ಕತ್ತಲಾಗಿಬಿಡುತ್ತಿತ್ತು. ಕಾಕು ಉಣ್ಣದೆಯೇ ಕೈ ತೊಳೆದುಕೊಳ್ಳುತ್ತಿದ್ದಳು. ಅವಳಿಗೆ ಉಪವಾಸದ ಮೇಲೆ ಭಕ್ತಿ ಹೆಚ್ಚು ಎಂದು ನಾವು ತಿಳಿದಿದ್ದೆವು.

ಎಂಬತ್ತರ ದಶಕದ ಕೊನೆಯಲ್ಲಿ ಅಥಣಿಯ ಕಾಲೇಜು ಸೇರಿದೆ. ಎದುರಿನವರನ್ನು ಮೊದಲು ಬಿಟ್ಟು ತಾನು ಹಿಂದೆ ಹೋಗುವ ಸೌಜನ್ಯದ ಮಾತು ಈ 'ಆಫ್ಟರ್ ಯು' ಎಂದು ಇಂಗ್ಲಿಷ್ ಮೇಷ್ಟ್ರು ವಿವರಿಸಿದರು. ಸಂಜೆಯ ಬಸ್ಸು ಹತ್ತುವಾಗ ಹೀಗಂದರೆ ಸ್ಟ್ಯಾಂಡಿನಲ್ಲೇ ಉಳಿಯುತ್ತೇವೆ ಎಂದು ನಾವು ಹುಡುಗಿಯರು ನಕ್ಕೆವು. ನನಗೆ ಮಾತ್ರ ದಾರಿಯುದ್ದಕ್ಕೂ ಕಾಕುವೇ ನೆನಪಾದಳು.

ಮನೆಗೆ ಬಂದು, ಅವಳು ತಟ್ಟೆಗೆ ರೊಟ್ಟಿ ಹಾಕಿದರೂ ಕೂರದೆ ನಿಂತೆ.

'ಆಫ್ಟರ್ ಯು, ಕಾಕು.'

'ಏನ ಹಂಗಂದ್ರ?'

'ಮೊದಲ ನೀ ಉಣ್ಣು, ನಿನ್ನ ಹಿಂದ ನಾ.'

'ಭಾಳ ಶಾಣ್ಯಾಕಿ ಆಗಿ. ಕುಂಡ್ರ ಬೇ, ಹೊತ್ತು ನಿಂದ್ರೂದಿಲ್ಲ.'

'ನೀ ಕುಂಡ್ರು.'

'ನಿಮ್ಮಪ್ಪ ಇನ್ನೊಂದು ರೊಟ್ಟಿ ಕೇಳ್ಯಾರ, ನಾ ಹೆಂಗ ಕುಂಡ್ರಲಿ?'

ನಾನು ಸೋಲಲಿಲ್ಲ, ಅವಳೂ ಸೋಲಲಿಲ್ಲ. ಕಿಟಕಿಯ ಬೆಳಕು ಹೋಯಿತು, ಇಬ್ಬರದೂ ಉಪವಾಸ. ಮನೆ ತಿದ್ದಲು ಹೊರಟವಳು ಹೊಟ್ಟೆ ಹಿಡಿದುಕೊಂಡು ಮಲಗಿದೆ. ಕಾಕು ಚಳಿಗಾಲವಿಡೀ ಮಲಗುತ್ತಿದ್ದುದು ಹೀಗೆ ಎಂದು ಆಗ ತಿಳಿಯಿತು.

ಪಡಸಾಲೆಯಲ್ಲಿ ಕೂತಿದ್ದ ಅಜ್ಜ ಎಲ್ಲ ಕೇಳಿಸಿಕೊಂಡಿದ್ದರು. ಮರುದಿನ ಅಡಿಗೆಮನೆಯ ಹೊಸ್ತಿಲಿಗೆ ಬಂದರು.

'ಎಲ್ಲಾ ರೊಟ್ಟಿ ಬಡದು ಬುಟ್ಟಿಗೆ ಹಾಕವ್ವಾ. ಆಮ್ಯಾಲ ಮೊದಲ ನೀ ಉಣ್ಣು.'

'ಆರಿ ಹೋಗ್ತಾವಲ್ಲರಿ, ಮಾವಾರ.'

'ಆರ್ಲಿ. ನಮಗೇನ ಹಲ್ಲಿಲ್ಲೇನು?'

ಅಜ್ಜನಿಗೆ ಉಳಿದಿದ್ದುದು ನಾಲ್ಕಾರು ಹಲ್ಲು. ಆರಿದ ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ಉಂಡರು. ಅವರು ಉಂಡ ಮೇಲೆ ಉಳಿದ ಗಂಡಸರು ಏನೂ ಅನ್ನುವಂತಿರಲಿಲ್ಲ.

ಕಾಕು ಅಂದು ಗೋಡೆಗೆ ಒರಗಿ, ಬೇರೆಯವರ ಮನೆಗೆ ಬಂದ ನೆಂಟರಂತೆ ಬಾಗಿಲ ಕಡೆ ನೋಡುತ್ತ ಉಂಡಳು. ಕೊನೆಯ ತುತ್ತಿನವರೆಗೂ ಅವಳ ತಟ್ಟೆಯಲ್ಲಿ ಬಿಸಿಲಿತ್ತು.

ಗ್ರಂಥಾಲಯದಲ್ಲಿ ಅವರು ಬಾಗಿಲು ಹಿಡಿದುಕೊಂಡೇ ಇದ್ದರು. 'ಇಲ್ಲ, ನೀವು ಹೋಗಿ' ಅನ್ನುವುದು ನನ್ನ ಹಳೆಯ ರೂಢಿ. ಇವತ್ತು ಅನ್ನಲಿಲ್ಲ. ಮೊದಲು ಹೋದೆ, ಹೋಗಿ, ಅವರಿಗಾಗಿ ಒಳಗಿನಿಂದ ಬಾಗಿಲು ಹಿಡಿದು ನಿಂತೆ.