ಮುಟ್ಟಿದರೆ ಅಂಟುವ ಚಿತ್ರ

ಗೆಳೆಯರೇ, ಇವತ್ತು ಮಧ್ಯಾಹ್ನ ಶಿರಸಿಯಲ್ಲಿ ಗಣಪತಣ್ಣನ ಮನೆಯ ಜಗಲಿಯಲ್ಲಿ ನಾವು ಐದಾರು ಜನ ಕೂತು ಡಿವಿಡಿಯಲ್ಲಿ ಒಂದು ಹೆದರಿಕೆಯ ಚಿತ್ರ ನೋಡಿದೆವು. ಕಡಿಮೆ ಖರ್ಚಿನ ಚಿತ್ರ. ಮುಟ್ಟಿದರೆ ಅಂಟುವ ರೋಗ, ಅಂಟಿದವರ ಚರ್ಮ ಸುಲಿದು ಬೀಳುತ್ತದೆ.

ಮುಗಿದ ಮೇಲೆ ಅಭಿಪ್ರಾಯಗಳು ಶುರುವಾದವು. ರಕ್ತ ಥೇಟ್ ಮುರುಗಲು ಹಣ್ಣಿನ ಕೆಂಪು ಪಾನಕದ ಹಾಗಿತ್ತು ಎಂದು ನಾನು ಹೇಳಿದೆ. ಹಾವೇರಿಯಿಂದ ವರ್ಗವಾಗಿ ಬಂದ ಬ್ಯಾಂಕಿನ ಪಾಟೀಲರಿಗೆ ಕಥೆಯೇ ಹಿಡಿಸಲಿಲ್ಲ. "ಬರೇ ಸುಳ್ಳು ಬಿಡ್ರಿ. ರೋಗ ಬಂತಂತ ಸ್ವಂತ ತಂಗೀನ್ನ ಖೋಲ್ಯಾಗ ಹಾಕಿ ಕೀಲಿ ಹಾಕ್ತಾರೇನ್ರಿ? ಮನಷ್ಯಾರು ಹಂಗಿರಂಗಿಲ್ಲ."

ಅಷ್ಟರಲ್ಲಿ ಗಣಪತಣ್ಣನ ಹೆಂಡತಿ ಸಾವಿತ್ರಕ್ಕ ಚಹಾ ತಂದರು. ಅವರ ಎರಡೂ ಕೈಗಳ ಮೇಲೆ ತೊನ್ನಿನ ಬಿಳಿ ಕಲೆಗಳಿವೆ. ಪಾಟೀಲರು ಲೋಟಕ್ಕೆ ಚಾಚಿದ ಕೈ ಹಿಂದಕ್ಕೆಳೆದುಕೊಂಡು, "ನಾ ಚಾ ಬಿಟ್ಟೇನ್ರಿ" ಎಂದರು. ಚಿತ್ರಕ್ಕೆ ಮೊದಲು ಗಣಪತಣ್ಣ ಕೊಟ್ಟಾಗ ಪೂರ್ತಿ ಕುಡಿದಿದ್ದರು.

ಗಣಪತಣ್ಣನ ಮುಖ ಕೆಂಪಾಯಿತು. ಸಾವಿತ್ರಕ್ಕ ಮಾತ್ರ ಸಾವಧಾನವಾಗಿ, "ಇದು ಅಂಟೂದಿಲ್ಲ. ಅಂಟೂದಾಗಿದ್ರೆ ನಮ್ಮನೆಯವ್ರಿಗೆ ಯಾವಾಗ್ಲೋ ಅಂಟ್ತಿತ್ತು" ಎಂದು ಲೋಟವನ್ನು ಅವರ ಮುಂದಿಟ್ಟರು. ಪಾಟೀಲರು ತಲೆ ತಗ್ಗಿಸಿಕೊಂಡು ಕುಡಿದರು.

ಏನಾದರೂ ಮಾತು ಬೇಕಿತ್ತು. ಚಿತ್ರ ಹೇಗಿತ್ತು ಅಕ್ಕಾ ಎಂದು ನಾನೇ ಕೇಳಿದೆ.

"ಆನು ಬಾಗ್ಲಲ್ಲಿ ನಿಂತ್ಕಂಡು ಪೂರಾ ನೋಡಿದ್ದಿ," ಎಂದರು ಸಾವಿತ್ರಕ್ಕ ತಮ್ಮ ಹವ್ಯಕ ಮಾತಿನಲ್ಲಿ. "ಯಂಗೇನು ಸುಳ್ಳು ಹೇಳಿ ಕಂಡಿದ್ದಿಲ್ಲೆ."

ಇವತ್ತು ಕೇಳಿದ ವಿಮರ್ಶೆಗಳಲ್ಲಿ ನಾನು ಪೂರ್ತಿ ಒಪ್ಪಿದ್ದು, ಚಿತ್ರ ಸುಳ್ಳೆನಿಸಲಿಲ್ಲ ಎಂಬ ಇದೊಂದನ್ನೇ.