ಪಟ್ಟಿ ಬಿಚ್ಚಿದ ಮೇಲೆ ಕಂಡ ಪೊರಕೆ

ಶಿಡ್ಲಘಟ್ಟದ ಕಣ್ಣಿನ ಶಿಬಿರವೊಂದರಲ್ಲಿ ನಾನು ನರ್ಸ್ ಆಗಿದ್ದೆ. ಸಾದಲಿ ಕಡೆಯ ಮುನಿಯಮ್ಮ ಅನ್ನೋ ಅಜ್ಜಿಗೆ ಒಂದು ಕಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದೆವು. ಇನ್ನೊಂದು ಕಣ್ಣೂ ಮಂಜು. ಸಂಜೆ ವಾರ್ಡಿಗೆ ಹೋದರೆ, ಅಜ್ಜಿ ಚೀಲದಿಂದ ಈಚಲು ಗರಿ ತೆಗೆದು, ತಡವಿಕೊಂಡೇ ಪೊರಕೆ ಕಟ್ಟುತ್ತಾ ಕೂತಿದ್ದರು.

"ಧೂಳು ಬೀಳತ್ತೆ ಅಜ್ಜಿ. ಕೆಲಸ ಮಾಡಬಾರದು ಅಂದಿದ್ನಲ್ಲ?"

"ಕಣ್ಣು ಮಂಜಾದಾಗಿಂದ ಹಿಂಗೇ ಕಟ್ತಿರೋದು ಕಣಮ್ಮ. ನಾಳೆ ಕಣ್ಣು ಬರದೇ ಹೋದ್ರೂ ಕೈಯಾದ್ರೂ ಇದೆ ಅಂತ ಧೈರ್ಯ ಬೇಕಲ್ಲ."

ಉಳಿದ ಗರಿಗಳನ್ನು ಎತ್ತಿಟ್ಟೆ. ಕಟ್ಟಿ ಮುಗಿಸಿದ್ದ ಒಂದು ಪೊರಕೆಯನ್ನು ಮಾತ್ರ ಅವರು ಬಿಡಲಿಲ್ಲ.

ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿ, ಬೆರಳು ತೋರಿಸಿ, "ಎಷ್ಟು ಕಾಣ್ತಿದೆ?" ಎಂದರು. ಮುನಿಯಮ್ಮ ಬೆರಳಿನ ಕಡೆ ನೋಡಲೇ ಇಲ್ಲ. ತೊಡೆಯ ಮೇಲಿದ್ದ ಪೊರಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಬಾಡಿತು. ಆಪರೇಷನ್ ಫಲಿಸಲಿಲ್ಲವೇನೋ ಅಂದುಕೊಂಡೆ.

"ಇಷ್ಟು ಸೊಟ್ಟಗೆ ಕಟ್ಟಿದೀನಾ? ಇಷ್ಟು ವರ್ಷ ಸಂತೇಲಿ ಇದನ್ನೇ ಮಾರಿದ್ನಾ? ಒಬ್ರೂ ಹೇಳ್ಲಿಲ್ವಲ್ಲಮ್ಮ."

ಅಲ್ಲೇ ಹುರಿ ಬಿಚ್ಚಿ, ಗರಿ ಸಮ ಮಾಡಿ, ಮತ್ತೆ ಕಟ್ಟತೊಡಗಿದರು. ಈ ಸಲ ತಡೆಯಲು ನನಗೆ ಮನಸ್ಸಾಗಲಿಲ್ಲ.

ಡಾಕ್ಟರು ಬೆರಳು ಮಡಚಿಕೊಂಡು, "ಇವರಿಗೆ ಇನ್ನು ಪರೀಕ್ಷೆ ಬೇಡ ಬಿಡಿ" ಎಂದು ಪಕ್ಕದ ಹಾಸಿಗೆಗೆ ಹೋದರು.